ಉಸಿರಿಲ್ಲದ ದನಿಯ ಬಗ್ಗೆ ಬರೆಯುವುದು ಏಕೆಂದರೆ

"ಮನುಷ್ಯರೇ ಹಾಡದ ಹಾಡಿನಲ್ಲಿ ಭಾವ ಎಲ್ಲಿಂದ ಬರುತ್ತದೆ, ಅದರ ಮೇಲೆ ಕನ್ನಡದಲ್ಲಿ ಪುಟಗಟ್ಟಲೆ ಬರೆಯುವಂಥದ್ದೇನಿದೆ?" ಎಂದು ನನ್ನನ್ನು ಮದುವೆ ಮನೆಗಳಲ್ಲಿಯೂ ಕಚೇರಿಯ ಕ್ಯಾಂಟೀನಿನಲ್ಲಿಯೂ ಕೇಳಿದ್ದಾರೆ, ಒಮ್ಮೆ ಹಲ್ಲಿನ ವೈದ್ಯರು ನಾನು ಬಾಯಿ ತೆರೆದುಕೊಂಡು ಕೂತಿದ್ದಾಗಲೂ ಕೇಳಿದ್ದಾರೆ. ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿದೆ. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ ಎನ್ನುವುದೂ ಈಗ ತಿಳಿದಿದೆ. ಅವರು ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡು ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿರುತ್ತಾರೆ.

ಗೊತ್ತಿಲ್ಲದವರಿಗಾಗಿ ವಿಷಯವನ್ನು ಹೇಳಿಬಿಡುತ್ತೇನೆ. ವೋಕಲಾಯ್ಡ್ ಎಂಬುದು ಜಪಾನಿನ ಯಮಾಹಾ ಕಂಪನಿಯು ಬಾರ್ಸಿಲೋನಾದ ಪೊಂಪೆವ್ ಫಾಬ್ರಾ ವಿಶ್ವವಿದ್ಯಾಲಯದ ಸಂಶೋಧಕರೊಡನೆ ಕೂಡಿ ರೂಪಿಸಿದ, 2004ರಲ್ಲಿ ಮಾರುಕಟ್ಟೆಗೆ ಬಂದ ಗಾಯನ ತಂತ್ರಾಂಶ. ಅದನ್ನು ಬಳಸಿ ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ 2007ರ ಆಗಸ್ಟ್ 31ರಂದು ಹೊರತಂದ ದನಿಯ ಹೆಸರು ಹತ್ಸುನೆ ಮಿಕು. ಉದ್ದನೆಯ ಹಸಿರು-ನೀಲಿ ಜಡೆಯ ಆ ಚಿತ್ರವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಚಿತ್ರದ ಹಿಂದಿರುವ ದನಿ ಸಾಕಿ ಫುಜಿತಾ ಎಂಬ ಕಂಠದಾನ ಕಲಾವಿದೆಯದು; ಅವರು ಉಚ್ಚರಿಸಿದ ಅಕ್ಷರಗಳನ್ನು ಧ್ವನಿಮುದ್ರಿಸಿ, ಸಣ್ಣ ಸಣ್ಣ ತುಣುಕುಗಳನ್ನಾಗಿ ಕತ್ತರಿಸಿ, ಬೇಕಾದ ಸ್ವರಕ್ಕೆ ಬೇಕಾದ ತುಣುಕನ್ನು ಪೋಣಿಸುವ ಹಾಗೆ ಜೋಡಿಸಿಟ್ಟಿದ್ದಾರೆ. ಆದ್ದರಿಂದ "ಅದು ಎಐ ತಾನೇ?" ಎನ್ನುವವರಿಗೆ ನನ್ನ ಉತ್ತರ: ಅಲ್ಲ. ಈಚಿನ ಕೆಲವು ಗಾಯನ ತಂತ್ರಾಂಶಗಳಲ್ಲಿ ಎಐ ಸೇರಿಕೊಂಡಿದೆ ನಿಜ, ಆದರೆ ನಾನು ಯಾವ ಹಾಡುಗಳ ಬಗ್ಗೆ ಬರೆಯುತ್ತೇನೋ ಅವುಗಳಲ್ಲಿ ಹೆಚ್ಚಿನವು ಅದಕ್ಕೆ ಎಷ್ಟೋ ವರ್ಷ ಮೊದಲು ಕೈಯಿಂದಲೇ ಕಟ್ಟಿದಂಥವು. ಒಂದು ಗುಂಡಿ ಒತ್ತಿ "ವಿರಹದ ಹಾಡು ಕೊಡು" ಎಂದರೆ ಮಿಕು ಏನನ್ನೂ ಕೊಡುವುದಿಲ್ಲ.

ಸಂಬಂಧಿಕರೊಬ್ಬರ ಗೃಹಪ್ರವೇಶದಲ್ಲಿ, ಎರಡನೆಯ ಪಂಕ್ತಿಗೆ ಕಾಯುತ್ತಿದ್ದಾಗ, ನಮ್ಮ ಚಿಕ್ಕಪ್ಪ "ಅದೇನೋ ರೋಬೋಟ್ ಹಾಡು ಅಂತೀಯಲ್ಲ, ಹಾಕು ನೋಡೋಣ" ಎಂದು ಎಲ್ಲರ ಮುಂದೆ ಕೈ ಚಾಚಿದರು. ಚಿಕ್ಕಪ್ಪ ಸಾಮಾನ್ಯ ಕೇಳುಗರಲ್ಲ. ರಾಮನವಮಿಯ ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕುವವರು, ಮನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿಯ ಶ್ರುತಿಗೆ ಹಾಡಿಕೊಳ್ಳುವವರು. ಆ ತಂಬೂರಿಯಲ್ಲಿ ಭಾವ ಎಲ್ಲಿದೆ ಎಂದು ಅವರನ್ನು ಯಾರೂ ಕೇಳಿದ್ದನ್ನು ನಾನು ಕಾಣೆ. ಇಯರ್‌ಫೋನನ್ನು ಒಂದೇ ಕಿವಿಗೆ ಹಚ್ಚಿಕೊಂಡು, ಪಲ್ಲವಿಯೂ ಬರುವ ಮೊದಲೇ ತೆಗೆದು, "ಇದಕ್ಕೆ ಉಸಿರೇ ಇಲ್ವಲ್ಲೋ" ಎಂದರು. ಸುತ್ತಲಿದ್ದವರು ನಕ್ಕರು, ಅಷ್ಟರಲ್ಲಿ ಎಲೆ ಹಾಕಿದರು, ಚಿಕ್ಕಪ್ಪ ಎದ್ದು ಹೋದರು.

ಸಿಟ್ಟು ಬಂದದ್ದು ಅವರು ತಪ್ಪು ಹೇಳಿದ್ದಕ್ಕಲ್ಲ. ಅವರು ಕೇಳಿಸಿಕೊಂಡದ್ದು ಸರಿಯಾಗಿಯೇ ಇತ್ತು, ಆದರೆ ಅದನ್ನು ದೋಷವೆಂದು ಎಣಿಸಿ ಅಲ್ಲಿಗೇ ಬಿಟ್ಟರು. ಹತ್ತು ಹೆಜ್ಜೆ ಮುಂದೆ ಹೋಗಿದ್ದರೆ, ಆ ಉಸಿರಿಲ್ಲದಿರುವಿಕೆಯನ್ನೇ ಬಂಡವಾಳ ಮಾಡಿಕೊಂಡು ರಚನೆ ಮಾಡಿದವರು ಸಿಗುತ್ತಿದ್ದರು. ಕಾಸ್ಮೋ ಎಂಬ ರಚನಕಾರರ, 2008ರಲ್ಲಿ ಪೂರ್ಣರೂಪ ಪಡೆದ, ಮಿಕುವಿನ ಕಣ್ಮರೆಯನ್ನು ಕುರಿತ ಹಾಡಿನಲ್ಲಿ, ಅಳಿಸಿಹೋಗುತ್ತಿರುವ ತಂತ್ರಾಂಶವೇ ತನ್ನ ಕೊನೆಯ ಮಾತುಗಳನ್ನು ಆಡುತ್ತದೆ. ಅಕ್ಷರಗಳು ಎಷ್ಟು ವೇಗವಾಗಿ ಒಂದರ ಮೇಲೊಂದು ಬೀಳುತ್ತವೆಯೆಂದರೆ ನಡುವೆ ಉಸಿರೆಳೆದುಕೊಳ್ಳಲು ಜಾಗವೇ ಇಲ್ಲ. ಉಸಿರು ಬೇಡದ ದನಿಗೆಂದು ಬರೆದದ್ದು ಅದು. (ಆಮೇಲೆ ಹಟಕ್ಕೆ ಬಿದ್ದು ಅದನ್ನು ಹಾಡಿ ತೋರಿಸಿದ ಮನುಷ್ಯರೂ ಇದ್ದಾರೆ. ಯಂತ್ರವನ್ನು ಅನುಕರಿಸಲು ಮನುಷ್ಯರು ಪಟ್ಟ ಈ ಪಾಡನ್ನು ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲ.)

ಬೇರೆ ಹಾಡುಗಳಲ್ಲಿ ಉಸಿರು ಬೇಕೆನಿಸಿದಾಗ ರಚನಕಾರರು ಅದನ್ನೂ ಬೇರೆಯಾಗಿ ತಂದು ಸೇರಿಸುತ್ತಾರೆ. ಪರದೆಯ ಮೇಲೆ ಪ್ರತಿ ಸ್ವರವೂ ಒಂದು ಅಡ್ಡಪಟ್ಟಿ, ಅದರ ಮೇಲೆ ಒಂದು ಅಕ್ಷರ. "ಕಿ" ಮತ್ತು "ಮಿ" ಎರಡನ್ನು ಪಕ್ಕಪಕ್ಕ ಇಟ್ಟು ನುಡಿಸಿದರೆ ಅದು ಸಪ್ಪೆಯಾಗಿ ಕೇಳಿಸುತ್ತದೆ. ಮೊದಲ ಸ್ವರವನ್ನು ತುಸು ಕೆಳಗಿನಿಂದ ಏರಿಸಬೇಕು, ಎರಡನೆಯದರ ಕೊನೆಯಲ್ಲಿ ದನಿಯನ್ನು ಇಳಿಸಿ ಗಾಳಿಯ ಪಾಲನ್ನು ಹೆಚ್ಚಿಸಬೇಕು, ಕಂಪನ ಎಲ್ಲಿಂದ ಶುರುವಾಗಬೇಕೆಂದು ಗೆರೆ ಎಳೆಯಬೇಕು. ಒಂದು ಸಾಲಿಗೆ ಒಂದು ಸಂಜೆಯನ್ನೇ ಕೊಡುವವರಿದ್ದಾರೆ. ಇಷ್ಟು ಕೆಲಸವಾದ ಮೇಲೆ ಭಾವ ಎಲ್ಲಿಂದ ಬಂತು ಎಂದು ಕೇಳುವುದು, ಪಿಟೀಲು ಕಚೇರಿಯ ಕೊನೆಯಲ್ಲಿ ಕಲಾವಿದರನ್ನು ಬಿಟ್ಟು ಕಮಾನನ್ನು ಮಾತಾಡಿಸಿದಂತೆ.

ನಾನು ಬರೆಯತೊಡಗಿದ್ದು ಇದಕ್ಕಾಗಿಯೇ. ಹಾಡನ್ನು ಕಳಿಸಿದರೆ ಜನ ಕೆಲವು ಕ್ಷಣ ಕೇಳಿ, ದನಿ ಕೀಚಲು ಎಂದು ನಿಲ್ಲಿಸುತ್ತಾರೆ. ಎಲ್ಲಿ ಕಿವಿಗೊಡಬೇಕೆಂದು ಮೊದಲೇ ಬರೆದಿಟ್ಟರೆ ಕೆಲವರಾದರೂ ಅಲ್ಲಿಯವರೆಗೆ ಹೋಗುತ್ತಾರೆ. ಹಾಗೆ ಹೋದವರು ಕೇಳಲಿ ಎಂದು ನಾನು ಕಾಯುವ ಪ್ರಶ್ನೆಯೇ ಬೇರೆ: "ಇದನ್ನು ಮಾಡಿದವರು ಯಾರು?"

ಅದಕ್ಕೆ ನಾನು ದಣಿಯದೆ ಉತ್ತರಿಸಬಲ್ಲೆ. ವೊವಾಕಾ ಎಂಬುವರಿದ್ದರು. 2010ರಲ್ಲಿ ಅವರು ಮಿಕುವಿನಿಂದ ಹಾಡಿಸಿದ "ರೋಲಿಂಗ್ ಗರ್ಲ್" ಹಾಡಿನಲ್ಲಿ ಹುಡುಗಿಯೊಬ್ಬಳು ಉರುಳುತ್ತಾಳೆ, ಇನ್ನೊಮ್ಮೆ ಎನ್ನುತ್ತಾಳೆ, ಮತ್ತೆ ಉರುಳುತ್ತಾಳೆ. ಪಿಯಾನೊ ಮತ್ತು ಗಿಟಾರು ಉಸಿರುಗಟ್ಟುವಂತೆ ಓಡುತ್ತಿದ್ದರೂ ದನಿ ಮಾತ್ರ ಬಿಕ್ಕುವುದಿಲ್ಲ. ಮನುಷ್ಯ ಗಾಯಕಿಯೊಬ್ಬಳು ಇಲ್ಲಿ ಅಳುವನ್ನು ಸೇರಿಸದೆ ಬಿಡುತ್ತಿರಲಿಲ್ಲ, ಸೇರಿಸಿದ್ದರೆ ಹಾಡು ಕೆಡುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ತನಗೇನೂ ಆಗಿಲ್ಲ ಎಂದು ನಟಿಸುವವರ ಸಮಸ್ವರ ಅದು. ವೊವಾಕಾ ಮುಂದೆ ಹಿತೊರಿಯೆ ಎಂಬ ಬ್ಯಾಂಡ್ ಕಟ್ಟಿ ಸ್ವತಃ ಹಾಡಿದರು, 2019ರ ಏಪ್ರಿಲಿನಲ್ಲಿ 31ನೆಯ ವಯಸ್ಸಿಗೇ ತೀರಿಕೊಂಡರು.

ಇನ್ನೊಬ್ಬರು ಹಾಚಿ. ಮಿಕು ಮತ್ತು ಗುಮಿ ಎಂಬ ದನಿಗಳಿಗೆ ಹಾಡು ಕಟ್ಟುತ್ತಿದ್ದ ಇವರು 2012ರಲ್ಲಿ ಕೆನ್ಶಿ ಯೊನೆಜು ಎಂಬ ಸ್ವಂತ ಹೆಸರಿನಲ್ಲಿ, ಸ್ವಂತ ದನಿಯಲ್ಲಿ ಆಲ್ಬಮ್ ತಂದರು, ಇಂದು ಜಪಾನಿನ ಅತಿ ಜನಪ್ರಿಯ ಗಾಯಕರಲ್ಲಿ ಒಬ್ಬರು. ಮಿಕುವಿಗೆ ಹತ್ತು ವರ್ಷ ತುಂಬಿದ 2017ರಲ್ಲಿ ಅವರು ಮತ್ತೆ ಹಾಚಿಯಾಗಿ ಬಂದು ಅವಳಿಗೊಂದು ಹಾಡು ಬರೆದರು. ಹುಟ್ಟುಹಬ್ಬದ ಉಡುಗೊರೆಯೆಂದು ಕೊಟ್ಟ ಆ ಹಾಡಿನ ತುಂಬ ಮರಳುಗಾಡು.

ಇವರಿಬ್ಬರಿಂದ ಶುರುಮಾಡಿ. ಕೊನೆಯವರೆಗೆ ಕೇಳಿಯೂ ಹಿಡಿಸದಿದ್ದರೆ ನನಗೇನೂ ಬೇಸರವಿಲ್ಲ. ಆದರೆ ಆಗ "ರೋಬೋಟ್ ಚೆನ್ನಾಗಿ ಹಾಡುವುದಿಲ್ಲ" ಎನ್ನಬೇಡಿ. "ವೊವಾಕಾ ಬರೆದದ್ದು ನನಗೆ ಹಿಡಿಸಲಿಲ್ಲ" ಎನ್ನಿ. ಆ ಜಗಳಕ್ಕೆ ನಾನು ಯಾವಾಗಲೂ ಸಿದ್ಧ.