ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಕಂಪನಿ ತೆರೆದರೆ ತೆರಿಗೆ ತಪ್ಪುತ್ತದೆಯೇ?

ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವ ನನ್ನನ್ನು, ಹೊರದೇಶದ ಗ್ರಾಹಕರನ್ನು ಪಡೆದ ಬೆಂಗಳೂರಿನ ಉದ್ಯಮಿಗಳು ಪದೇ ಪದೇ ಕೇಳುವುದು ಇದನ್ನೇ: "ಸರ್, ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಒಂದು ಕಂಪನಿ ಮಾಡಿಬಿಟ್ಟರೆ ತೆರಿಗೆ ಕಟ್ಟುವುದು ತಪ್ಪುತ್ತದಲ್ಲವೇ?" ಇಲ್ಲಿಯೇ ಕುಳಿತು ವ್ಯವಹಾರ ನಡೆಸುವವರಿಗೆ ತಪ್ಪುವುದಿಲ್ಲ. ಹಾಗೆಂದ ಮಾತ್ರಕ್ಕೆ ಆ ದ್ವೀಪಗಳಲ್ಲಿ ಕಂಪನಿ ತೆರೆಯುವವರೆಲ್ಲರೂ ಕಳ್ಳಹಣದವರೆಂದು ತಿಳಿಯುವುದೂ ಸರಿಯಲ್ಲ.

ಕೆರಿಬಿಯನ್ ಸಮುದ್ರದ ಈ ಬ್ರಿಟಿಷ್ ಸಾಗರೋತ್ತರ ಪ್ರದೇಶದ ಜನಸಂಖ್ಯೆ ಸುಮಾರು 40 ಸಾವಿರ ಮಾತ್ರ. ಅಲ್ಲಿ ನೋಂದಣಿಯಾಗಿರುವ ಕಂಪನಿಗಳು 3 ಲಕ್ಷಕ್ಕೂ ಹೆಚ್ಚು. 1980ರ ದಶಕದ ಆರಂಭದಲ್ಲಿ ಅಮೆರಿಕ ಈ ದ್ವೀಪಗಳೊಂದಿಗಿನ ತನ್ನ ತೆರಿಗೆ ಒಪ್ಪಂದವನ್ನು ಕೊನೆಗೊಳಿಸಿದಾಗ, ಬೇರೆ ದಾರಿ ಹುಡುಕಬೇಕಾಗಿ ಬಂದ ಈ ಪ್ರದೇಶ 1984ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಕಂಪನಿಗಳ ಕಾನೂನನ್ನು ತಂದಿತು. ಅದೇ ವರ್ಷ ಹಾಂಗ್‌ಕಾಂಗನ್ನು ಚೀನಾಕ್ಕೆ ಮರಳಿಸುವ ಘೋಷಣೆಗೆ ಬ್ರಿಟನ್ ಸಹಿ ಹಾಕಿತು. 1997ರ ನಂತರ ತಮ್ಮ ಆಸ್ತಿಯ ಗತಿಯೇನೆಂದು ಚಿಂತಿತರಾಗಿದ್ದ ಅಲ್ಲಿನ ವರ್ತಕರಿಗೆ, ಇಂಗ್ಲಿಷ್ ಕಾನೂನಿನ ನೆರಳಿನಲ್ಲಿದ್ದು ಅಮೆರಿಕದ ಡಾಲರನ್ನೇ ಬಳಸುವ ಈ ಪುಟ್ಟ ನೆಲ ಹೇಳಿಮಾಡಿಸಿದಂತಿತ್ತು.

ಈ ದ್ವೀಪಗಳಂತೆ ಆದಾಯ ತೆರಿಗೆ ಶೂನ್ಯವಾಗಿರುವ ಜಾಗಗಳು ಬೇರೆಯೂ ಇವೆ. ನನ್ನ ದೃಷ್ಟಿಯಲ್ಲಿ ಈ ದ್ವೀಪಗಳ ನಿಜವಾದ ಬಂಡವಾಳ ಅವುಗಳ ಕಾನೂನು. ಸಿಂಗಪುರದ ಹೂಡಿಕೆದಾರ, ದುಬೈನ ಪಾಲುದಾರ ಮತ್ತು ವಿಯೆಟ್ನಾಂನ ಕಾರ್ಖಾನೆಯ ಒಡೆಯ ಒಟ್ಟಾಗಿ ಉದ್ಯಮ ಆರಂಭಿಸುವಾಗ, ಒಬ್ಬರ ಊರಿನ ನ್ಯಾಯಾಲಯವನ್ನು ಇನ್ನೊಬ್ಬರು ಸುಲಭವಾಗಿ ಒಪ್ಪುವುದಿಲ್ಲ. ಅಂಥವರಿಗೆ ಈ ದ್ವೀಪಗಳಲ್ಲಿ ಎಲ್ಲರೂ ನಂಬಬಹುದಾದ ತಟಸ್ಥ ನೆಲ ಸಿಗುತ್ತದೆ: 2004ರ ಕಂಪನಿ ಕಾನೂನಿನಲ್ಲಿ ಒಬ್ಬ ಷೇರುದಾರ, ಒಬ್ಬ ನಿರ್ದೇಶಕ ಇದ್ದರೂ ಸಾಕು, ಸ್ಥಳೀಯ ನೋಂದಾಯಿತ ಏಜೆಂಟ್ ಮಾತ್ರ ಕಡ್ಡಾಯ, ವ್ಯಾಜ್ಯ ಹುಟ್ಟಿದರೆ 2009ರಲ್ಲಿ ಆರಂಭವಾದ ವಾಣಿಜ್ಯ ನ್ಯಾಯಾಲಯವಿದೆ, ಕೊನೆಯ ಮೇಲ್ಮನವಿಗೆ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದೆ.

ಗುಟ್ಟು ಕಾಪಾಡುತ್ತದೆಂಬ ಹಳೆಯ ಆಕರ್ಷಣೆ ಈಗ ಬಹುಮಟ್ಟಿಗೆ ಕರಗಿದೆ, ಮತ್ತು ಅದು ಕರಗಬೇಕಾಗಿಯೇ ಇತ್ತು. ಪನಾಮಾದ ಕಾನೂನು ಸಂಸ್ಥೆಯೊಂದರಿಂದ ಸೋರಿಕೆಯಾದ ದಾಖಲೆಗಳಲ್ಲಿ, ಅಂದರೆ 2016ರ ಪನಾಮಾ ಪೇಪರ್ಸ್‌ನಲ್ಲಿ, ಕಾಣಿಸಿಕೊಂಡ ಕಂಪನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ದ್ವೀಪಗಳವೇ. ಮರುವರ್ಷವೇ ನಿಜವಾದ ಮಾಲೀಕರ ವಿವರವನ್ನು ಅಧಿಕಾರಿಗಳಿಗೆ ಲಭ್ಯವಾಗಿಸುವ ಕಾನೂನು ಬಂತು. ಕೆಲವು ಬಗೆಯ ವ್ಯವಹಾರಗಳು ಅಲ್ಲಿಯೇ ಸಿಬ್ಬಂದಿ, ಕಚೇರಿ ಮತ್ತು ಖರ್ಚನ್ನು ತೋರಿಸಬೇಕೆಂಬ ನಿಯಮ 2019ರಿಂದ ಜಾರಿಯಲ್ಲಿದೆ. 2025ರ ಜೂನ್‌ನಲ್ಲಿ ಅಕ್ರಮ ಹಣ ವರ್ಗಾವಣೆಯ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ ಈ ಪ್ರದೇಶವನ್ನು ಬೂದು ಪಟ್ಟಿಗೆ, ಅಂದರೆ ಹೆಚ್ಚಿನ ನಿಗಾ ಬೇಕಾದ ಜಾಗಗಳ ಪಟ್ಟಿಗೆ, ಸೇರಿಸಿತು. ಇಂಥ ಪಟ್ಟಿಯಲ್ಲಿರುವ ಜಾಗದ ಕಂಪನಿಗೆ ಬ್ಯಾಂಕ್ ಖಾತೆ ತೆರೆಯುವುದೇ ದೊಡ್ಡ ಕೆಲಸ.

ಭಾರತದ ನಿವಾಸಿಗಳು ಇನ್ನೂ ಕೆಲವನ್ನು ತಿಳಿದಿರಬೇಕು. ಕಂಪನಿಯ ಮುಖ್ಯ ನಿರ್ಧಾರಗಳು ಇಲ್ಲಿಯೇ ಆಗುತ್ತಿದ್ದು, ವಾರ್ಷಿಕ ವಹಿವಾಟು 50 ಕೋಟಿ ರೂಪಾಯಿ ಮೀರಿದ್ದರೆ, ನಮ್ಮ ಆದಾಯ ತೆರಿಗೆ ಇಲಾಖೆ ಅದನ್ನು ಭಾರತದ ನಿವಾಸಿ ಕಂಪನಿಯೆಂದೇ ಪರಿಗಣಿಸಿ ತೆರಿಗೆ ಹಾಕಬಹುದು. ವಹಿವಾಟು ಅದಕ್ಕಿಂತ ಕಡಿಮೆಯಿದ್ದರೂ, ಇಲ್ಲಿ ಕುಳಿತು ಮಾಡಿದ ಕೆಲಸದಿಂದ ಬಂದ ಆದಾಯಕ್ಕೆ ಇಲ್ಲಿ ತೆರಿಗೆ ಬೀಳಬಹುದು. ಆ ಕಂಪನಿಯಲ್ಲಿರುವ ನಿಮ್ಮ ಷೇರುಗಳ ವಿವರವನ್ನು ರಿಟರ್ನ್‌ನಲ್ಲಿ ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಮುಚ್ಚಿಡುವುದೂ ಸುಲಭವಲ್ಲ, ಏಕೆಂದರೆ ಉಭಯ ಸರ್ಕಾರಗಳ ನಡುವೆ 2011ರಲ್ಲೇ ತೆರಿಗೆ ಮಾಹಿತಿ ವಿನಿಮಯದ ಒಪ್ಪಂದಕ್ಕೆ ಸಹಿಯಾಗಿದೆ.

ಆದ್ದರಿಂದ ನನ್ನ ಬಳಿ ಬರುವವರಿಗೆ ನಾನು ಮೊದಲು ಕೇಳುವುದು ಪಾಲುದಾರರು ಎಷ್ಟು ದೇಶದವರು ಎಂದು. ಎಲ್ಲರೂ ಬೆಂಗಳೂರಿನವರೇ ಆಗಿದ್ದರೆ, ಕಂಪನಿಯನ್ನು ಇಲ್ಲಿಯೇ ನೋಂದಾಯಿಸಿ ಎನ್ನುತ್ತೇನೆ.