ಜೋಡಿ ತಂತಿ ಪೂರ್ತಿ ಸೇರಬಾರದು

ಶಿರಸಿಯ ಮಳೆಗಾಲದಲ್ಲಿ ತಂಬೂರಿ ಸಾಕುವುದು ಕಷ್ಟ. ಬಿರಡೆ ಉಬ್ಬಿ ತಿರುಗುವುದಿಲ್ಲ, ಬುರುಡೆಗೆ ಬೂಷ್ಟು. "ಮಾವ, ಮೊಬೈಲಲ್ಲಿ ತಂಬೂರಿ ಆ್ಯಪ್ ಇದ್ದಲಾ, ಇದೆಲ್ಲ ಎಂತಕ್ಕೆ?" ಎಂದ ಅಕ್ಕನ ಮಗ. ಪ್ರಶ್ನೆ ಸರಿಯಾದದ್ದೇ. ಉತ್ತರ ಮಾತ್ರ ಸ್ವಲ್ಪ ಉದ್ದ.

ತಂತಿ ಮೀಟಿದರೆ ಒಂದೇ ಸ್ವರ ಬರುವುದಿಲ್ಲ. ಕಾಳಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಗೆ) ಸೇರಿಸಿದ ಖರ್ಜದ ತಂತಿ, ಅಂದರೆ ಎಲ್ಲಕ್ಕಿಂತ ತಗ್ಗಿನ ಷಡ್ಜದ ತಂತಿ, ಸೆಕೆಂಡಿಗೆ ಸುಮಾರು 69 ಸಲ ನಡುಗುತ್ತದೆ, ಜೊತೆಗೇ ಅದರ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟು ವೇಗದ ನಡುಕಗಳೂ ಅದೇ ತಂತಿಯಲ್ಲಿ ಇರುತ್ತವೆ. ಇವೇ ಹಾರ್ಮೋನಿಕ್ಸ್. ಮೂರನೆಯದು ಪಂಚಮ, ಐದನೆಯದು ಗಾಂಧಾರ. ಯಾರೂ ಮೀಟದ ಗಾಂಧಾರ ಕೇಳುತ್ತದಲ್ಲ, ಅದು ಇದೇ. (ಹಾರ್ಮೋನಿಯಂನ ಗಾಂಧಾರ ಇದಕ್ಕಿಂತ ತುಸು ಏರು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಹಾಡುವವರ ಪಾಡು ಅವರಿಗೇ ಗೊತ್ತು.)

ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಎರಡು, ನಾಲ್ಕು, ಆರನೇ ಹಾರ್ಮೋನಿಕ್ಸ್ ಹುಟ್ಟಬಾರದು ಅಂತ ಹಳೇ ನಿಯಮ. ತಂಬೂರಿಯಲ್ಲಿ ಅವೂ ಜೋರಾಗಿ ಕೇಳುತ್ತವೆ. ಸಿ.ವಿ. ರಾಮನ್ ಇದನ್ನು 1921ರಲ್ಲೇ ಬರೆದಿದ್ದರು. ಕಾರಣ ತಂತಿ ಕೂತಿರುವ ಅಗಲದ ಕುದುರೆ ಮತ್ತು ಅದರ ಮೇಲೆ ತಂತಿಯ ಅಡಿಗಿಟ್ಟ ದಾರ. ತಂತಿ ನಡುಗುತ್ತಾ ಕುದುರೆಯ ಬಾಗಿದ ಮೈಗೆ ಮತ್ತೆ ಮತ್ತೆ ತಾಗಿ, ಇರಬಾರದ ಹಾರ್ಮೋನಿಕ್ಸ್‌ಗೂ ಬಲ ಕೊಡುತ್ತದೆ. ದಾರ ಕೂದಲೆಳೆಯಷ್ಟು ಸರಿದರೆ ಜವಾರಿ, ಅಂದರೆ ಆ ಝೇಂಕಾರ, ಹೋಯಿತು.

ಇನ್ನು ಫೇಸ್, ಅಂದರೆ ನಡುಕದ ಹೆಜ್ಜೆ. ಇಬ್ಬರು ಒಂದೇ ವೇಗದಲ್ಲಿ ನಡೆಯುತ್ತಿದ್ದರೂ ಒಬ್ಬರ ಬಲಗಾಲು ಮುಂದಿದ್ದಾಗ ಇನ್ನೊಬ್ಬರ ಎಡಗಾಲು ಮುಂದಿರಬಹುದು, ಅಷ್ಟೇ. ಒಂದೇ ತಂತಿಯ ಹಾರ್ಮೋನಿಕ್ಸ್ ನಡುವೆ ಈ ಹೆಜ್ಜೆ ಬದಲಾದರೆ ಕಾಗದದ ಮೇಲೆ ಅಲೆಯ ಆಕಾರವೇ ಬೇರೆಯಾಗುತ್ತದೆ, ಆದರೆ ಕಿವಿ ಅದನ್ನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಲೆಕ್ಕಕ್ಕಿಡುವುದೇ ಇಲ್ಲ ಎಂದಿದ್ದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್. ಅದು ಪೂರ್ತಿ ನಿಜವಲ್ಲ, ಇಯರ್‌ಫೋನ್ ಹಾಕಿ ತಗ್ಗು ಸ್ವರ ಕೇಳಿದರೆ ಸ್ವಲ್ಪ ತಿಳಿಯುತ್ತದೆ.

ಎರಡು ತಂತಿ ಬಂದಾಗ ಮಾತ್ರ ಫೇಸ್ ಚೆನ್ನಾಗಿ ಕೇಳುತ್ತದೆ. ಜೋಡಿಯಲ್ಲಿ, ಅಂದರೆ ಒಂದೇ ಸ್ವರಕ್ಕೆ ಸೇರಿಸುವ ನಡುವಿನ ಎರಡು ತಂತಿಗಳಲ್ಲಿ, ಒಂದು ಸೆಕೆಂಡಿಗೆ 139, ಇನ್ನೊಂದು 139.2 ಸಲ ನಡುಗುತ್ತಿದೆ ಅಂದುಕೊಳ್ಳಿ. ಎರಡರ ಹೆಜ್ಜೆ ಕೂಡಿದಾಗ ಸದ್ದು ಜೋರು, ತಪ್ಪಿದಾಗ ಮೆಲ್ಲಗೆ. ಹೀಗೆ ಮೂಲ ಸ್ವರದ ಸದ್ದು 5 ಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ. ಐದನೇ ಹಾರ್ಮೋನಿಕ್ ಸೆಕೆಂಡಿಗೊಮ್ಮೆ, ಹತ್ತನೆಯದು ಎರಡು ಸಲ. ಹೀಗೆ ಒಂದೊಂದೂ ತನ್ನದೇ ಲಯದಲ್ಲಿ ಮೇಲೆದ್ದು ಅಡಗುತ್ತಿರುತ್ತದೆ, ಬೆರಳು ಒಮ್ಮೆ ಬೇಗ ಒಮ್ಮೆ ತಡವಾಗಿ ಮೀಟುವುದರಿಂದ ಪ್ರತಿ ಸುತ್ತೂ ಬೇರೆ. ಆ್ಯಪ್‌ನಲ್ಲಿ ರೆಕಾರ್ಡ್ ಮಾಡಿದ ಒಂದೇ ತುಂಡು ಮತ್ತೆ ಮತ್ತೆ ಸುತ್ತಿದರೆ ಇದು ಬರುವುದಿಲ್ಲ, ಅರ್ಧ ಗಂಟೆಯಲ್ಲಿ ಕಿವಿಗೆ ಬೇಜಾರು.

ಆ್ಯಪೇ ಸಾಕು ಅನ್ನುವವರು ಎರಡು ಮೊಬೈಲ್ ಇಟ್ಟು, ಒಂದರ ಶ್ರುತಿ 2 ಸೆಂಟ್ ಇಳಿಸಿ ನೋಡಿ (ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರರಲ್ಲೊಂದು ಪಾಲು ಒಂದು ಸೆಂಟ್). ಜಾಸ್ತಿ ಬೇಡ, ಅಪಶ್ರುತಿ ಆಗುತ್ತದೆ.