ಎಣ್ಣೆಯಲ್ಲಿ ಮುಳುಗಿರುವುದಕ್ಕೆ ತುಕ್ಕೇ?

ಕಳೆದ ಭಾನುವಾರ ಮಧ್ಯಾಹ್ನ ಕಾರಿನ ಅಡಿಯಲ್ಲಿ ಅಂಗಾತ ಮಲಗಿ, ಗೇರ್‌ಬಾಕ್ಸಿನಿಂದ ಚಕ್ರಕ್ಕೆ ತಿರುಗುಬಲ ಒಯ್ಯುವ ಡ್ರೈವ್‌ಶಾಫ್ಟನ್ನು ಎರಡೂ ಕೈಗಳಿಂದ ಹಿಡಿದು ಹಲ್ಲು ಕಚ್ಚಿ ಎಳೆಯುತ್ತಿದ್ದ ನನ್ನನ್ನು ಮಾವನವರು ಬಾಗಿ ನೋಡಿ, "ಅಳಿಯಂದಿರೇ, ಅದನ್ನು ಒಳಗೆ ಹಿಡಿದುಕೊಂಡಿರುವುದು ಏನು?" ಎಂದು ಕೇಳಿದರು. "ತುಕ್ಕು, ಮಾವ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೇರ್‌ಬಾಕ್ಸಿನ ಕೆಳಗೆ ನಾನೇ ಇಟ್ಟಿದ್ದ ಅಗಲವಾದ ತಟ್ಟೆಯತ್ತ ಬೆರಳು ತೋರಿಸಿ, "ಶಾಫ್ಟ್ ಹೊರಬಂದ ಕೂಡಲೇ ಎಣ್ಣೆ ಸೋರುತ್ತದೆ ಎಂದು ಇದನ್ನು ಇಟ್ಟಿದ್ದೀರಿ. ಎಣ್ಣೆಯಲ್ಲಿ ಮುಳುಗಿರುವುದಕ್ಕೆ ತುಕ್ಕು ಹಿಡಿಯುತ್ತದೆಯೇ?" ಎಂದರು.

ಆಗ ನಾನು ಏನೋ ಗೊಣಗಿ ಮತ್ತೆ ಎಳೆಯತೊಡಗಿದೆ. ಆದರೆ ಈ ವಾರವಿಡೀ ಹಲ್ಲುಜ್ಜುವಾಗ, ನಿದ್ದೆ ಬಾರದೆ ಹೊರಳುವಾಗ, ಆ ಪ್ರಶ್ನೆ ಅದೇ ದನಿಯಲ್ಲಿ ಬಂದು ಎದುರಿಗೆ ನಿಲ್ಲುತ್ತಿದೆ.

ಶಾಫ್ಟನ್ನು ಬಿಚ್ಚಬೇಕಾಗಿ ಬಂದದ್ದು ಎಲ್ಲರಿಗೂ ಗೊತ್ತಿರುವ ಕಾರಣಕ್ಕೇ. ಚಕ್ರದ ಬದಿಯ ಜಾಯಿಂಟಿಗೆ ಹೊದಿಸಿದ ಬೂಟ್ ಎಂಬ ರಬ್ಬರ್ ಮುಸುಕು ಹರಿದು, ಗ್ರೀಸೆಲ್ಲ ಚಕ್ರದ ಒಳಮೈಗೆ ಸಿಡಿದು, ಆ ಜಾಗಕ್ಕೆ ಮರಳು ಸೇರಿಕೊಂಡು, ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗಲೆಲ್ಲ ಟಕಟಕ ಸದ್ದು ಬರುತ್ತಿತ್ತು. ಆಲ್ಫ್ರೆಡ್ ಜೆಪಾ ಎಂಬ ಎಂಜಿನಿಯರ್ 1920ರ ದಶಕದಲ್ಲಿ ರೂಪಿಸಿದ, ತೋಡುಗಳಲ್ಲಿ ಉಕ್ಕಿನ ಗುಂಡುಗಳು ಓಡಾಡುವ ಈ ಬಗೆಯ ಜಾಯಿಂಟ್ ಇಲ್ಲದಿದ್ದರೆ, ಮುಂದಿನ ಚಕ್ರಗಳೇ ಕಾರನ್ನು ಎಳೆಯುತ್ತ ಅವೇ ಸರಾಗವಾಗಿ ತಿರುಗುವುದೂ ಕಷ್ಟವಾಗುತ್ತಿತ್ತು. ಇಷ್ಟು ಜಾಣತನದ ವಸ್ತುವಿನ ಆಯುಸ್ಸು ಒಂದು ತೆಳು ರಬ್ಬರಿನ ಮೇಲೆ ನಿಂತಿರುವುದು ಮಾತ್ರ ನನಗೆ ಇನ್ನೂ ಒಪ್ಪಿಗೆಯಾಗಿಲ್ಲ.

ಶನಿವಾರದ ಕೆಲಸ ಚೆನ್ನಾಗಿಯೇ ನಡೆಯಿತು. ಹಾಗೆ ನಡೆದದ್ದೇ ಮುಂದಿನ ಅನರ್ಥಕ್ಕೆ ಮೂಲವೆಂದು ಈಗ ತೋರುತ್ತಿದೆ. ಹಬ್ಬಿನ, ಅಂದರೆ ಚಕ್ರವನ್ನು ಕೂರಿಸುವ ಗುಂಬದ, ನಡುವಿನ ದೊಡ್ಡ ನಟ್ಟನ್ನು ಅನೇಕ ಕಾರುಗಳಲ್ಲಿ 200 ನ್ಯೂಟನ್ ಮೀಟರಿಗೂ ಮೀರಿ ಬಿಗಿದಿರುತ್ತಾರೆ, ಆದ್ದರಿಂದ ಚಕ್ರ ನೆಲದ ಮೇಲಿರುವಾಗಲೇ, ಬ್ರೇಕ್ ಒತ್ತಿ ಹಿಡಿದಿರುವಾಗಲೇ ಅದನ್ನು ಸಡಿಲಿಸಿಕೊಳ್ಳಬೇಕು. ಇಲ್ಲವಾದರೆ ಸ್ಟ್ಯಾಂಡಿನ ಮೇಲೆ ನಿಂತ ಕಾರನ್ನು ಉದ್ದನೆಯ ಹಿಡಿಕೆಯಿಂದ ಅಲುಗಾಡಿಸುವ ಸಾಹಸಕ್ಕೆ ಇಳಿಯಬೇಕಾಗುತ್ತದೆ. ಅದನ್ನು ಸರಿಯಾಗಿಯೇ ಮಾಡಿದೆ. ಬ್ರೇಕಿನ ಕ್ಯಾಲಿಪರನ್ನು ಅದರ ಹೋಸಿಗೆ ಭಾರ ಬೀಳದಂತೆ ತಂತಿಯಿಂದ ತೂಗುಹಾಕಿದೆ, ಕೆಳಗಿನ ಬಾಲ್ ಜಾಯಿಂಟನ್ನು ಬಿಡಿಸಿದೆ. ಶಾಫ್ಟಿನ ತುದಿ ಹಬ್ಬಿನ ಒಳಗೆ ತುಕ್ಕು ಹಿಡಿದು ಅಲುಗಲೇ ಇಲ್ಲ.

ಇಲ್ಲಿದ್ದದ್ದು ನಿಜವಾದ ತುಕ್ಕು. ತುಕ್ಕು ತಾನು ಯಾವ ಕಬ್ಬಿಣದಿಂದ ಹುಟ್ಟಿತೋ ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಹಬ್ಬಿನ ಹಲ್ಲುಗಳಿಗೂ ಶಾಫ್ಟಿನ ಹಲ್ಲುಗಳಿಗೂ ನಡುವೆ ಕೂದಲೆಳೆಯಷ್ಟು ಸಂದೂ ಇರದ ಕಡೆ ಅದು ಬೆಳೆದರೆ, ನೂರಾರು ಸಣ್ಣ ಬೆಣೆಗಳನ್ನು ಹೊಡೆದು ಕೂರಿಸಿದಂತೆ ಆಗುತ್ತದೆ. ಬಿಡಿಸುವ ಎಣ್ಣೆಯನ್ನು ಸುರಿದು ರಾತ್ರಿಯಿಡೀ ನೆನೆಯಲು ಬಿಟ್ಟೆ.

ಈ ನಡುವೆ ನನ್ನ ಭಾವಮೈದುನ ದೊಡ್ಡ ಸುತ್ತಿಗೆಯೊಂದನ್ನು ಹಿಡಿದುಕೊಂಡು ಬಂದ. ಅವನ ದೃಷ್ಟಿಯಲ್ಲಿ ಲೋಕದ ಎಲ್ಲ ಸಮಸ್ಯೆಗಳೂ ಇನ್ನೊಂದೇ ಒಂದು ಏಟಿನಷ್ಟು ದೂರದಲ್ಲಿರುತ್ತವೆ. ನಟ್ಟನ್ನು ಶಾಫ್ಟಿನ ತುದಿಗೆ ಸಮವಾಗಿ ನಿಲ್ಲಿಸಿ, ತುದಿಯ ತಿರುಪಿನ ಸುತ್ತುಗಳು ಜಜ್ಜಿಹೋಗದಂತೆ ನೋಡಿಕೊಂಡು ಹೊಡೆಯಬೇಕು ಎಂದು ನಾನು ಹೇಳುವಷ್ಟರಲ್ಲಿ ಅವನು ಎರಡು ಏಟು ಹಾಕಿಯಾಗಿತ್ತು. ಆಮೇಲೆ ಅವನಿಗೆ ತುರ್ತು ಕೆಲಸವೊಂದು ನೆನಪಾಯಿತು. ಅವನು ಒಳ್ಳೆಯ ಹುಡುಗನೇ. ಆದರೆ ಅವನಿಗೆ ತುರ್ತು ಕೆಲಸ ನೆನಪಾಗುವುದು ಯಾವಾಗಲೂ ಏನಾದರೂ ಜಜ್ಜಿಹೋದ ಮೇಲೆಯೇ ಎಂಬುದನ್ನು ಇಲ್ಲಿ ದಾಖಲಿಸದೆ ಇರಲಾರೆ.

ಭಾನುವಾರ ಬೆಳಗ್ಗೆ ಹಬ್ಬಿಗೆ, ಶಾಫ್ಟಿನ ತುದಿಯನ್ನು ಒಳಕ್ಕೆ ಒತ್ತುವ ಪುಲ್ಲರ್ ಎಂಬ ಸಾಧನವನ್ನು ಕಟ್ಟಿ, ಅದರ ತಿರುಪನ್ನು ಕಾಲು ಸುತ್ತಿನಂತೆ ಬಿಗಿಯುತ್ತ ಹೋದೆ. ಒಂದು ಹಂತದಲ್ಲಿ ಪಟಾರನೆ ಸದ್ದಾಗಿ, ಶಾಫ್ಟ್ ಒಳಕ್ಕೆ ಸರಿಯಿತು. ಎಣ್ಣೆ, ಕಾಯುವಿಕೆ, ಬಲ, ಈ ಮೂರು ಸೇರಿದರೆ ಯಾವುದೂ ಬರದೆ ಇರುವುದಿಲ್ಲ ಎಂಬ ಭಾವನೆ ನನ್ನಲ್ಲಿ ಆ ಕ್ಷಣಕ್ಕೇ ಗಟ್ಟಿಯಾಯಿತು. ಗೇರ್‌ಬಾಕ್ಸಿನ ಬದಿಯ ತುದಿಯ ಹತ್ತಿರ ಹೋದಾಗ ಅದೇ ಮನಸ್ಸಿನಲ್ಲಿದ್ದೆ. ಅಲ್ಲೂ ಎಣ್ಣೆ ಸಿಂಪಡಿಸಿದೆ! ಗೇರ್‌ಬಾಕ್ಸಿನ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲಿನ ಹೊರಗೆ ಸಿಂಪಡಿಸಿದ ಎಣ್ಣೆ, ಸೀಲಿನ ಒಳಗೆ ಮೊದಲೇ ಎಣ್ಣೆಯಲ್ಲಿರುವ ತುದಿಗೆ ಏನು ಉಪಕಾರ ಮಾಡೀತು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಶಾಫ್ಟಿನ ನಡುಭಾಗವನ್ನು ಹಿಡಿದು ಎಳೆದಾಗ ಅದು ಒಂದೆರಡು ಬೆರಳಷ್ಟು ಹೊರಬಂದಿತು, ನಾನು ಹಿಗ್ಗಿದೆ. ಬಂದದ್ದು ಶಾಫ್ಟಿನ ಬುಡವಲ್ಲ. ಚಕ್ರ ಮೇಲೆ ಕೆಳಗೆ ಆಡುವಾಗ ಶಾಫ್ಟ್ ಉದ್ದವಾಗಿ ಗಿಡ್ಡವಾಗಿ ಹೊಂದಿಕೊಳ್ಳಲೆಂದೇ ಒಳಗಿನ ಜಾಯಿಂಟಿನ ಬಟ್ಟಲಿನಲ್ಲಿ ಮೂರು ಉರುಳೆಗಳು ಹಿಂದೆ ಮುಂದೆ ಜಾರುತ್ತವೆ, ನಾನು ಆ ಉರುಳೆಗಳನ್ನು ಬಟ್ಟಲಿನ ಅಂಚಿಗೆ ಎಳೆದು ತರುತ್ತಿದ್ದೆ. ಇನ್ನಷ್ಟು ಎಳೆದಿದ್ದರೆ ಬೂಟ್ ಕಿತ್ತು, ಶಾಫ್ಟ್ ನನ್ನ ಕೈಯಲ್ಲಿ, ಬಟ್ಟಲು ಗೇರ್‌ಬಾಕ್ಸಿನಲ್ಲೇ ಉಳಿಯುತ್ತಿತ್ತು.

ಮಾವನವರು ಆ ಪ್ರಶ್ನೆ ಕೇಳಿದ್ದು ಸರಿಯಾಗಿ ಆಗಲೇ.

ಒಳಗೆ ಹಿಡಿದುಕೊಂಡಿದ್ದದ್ದು ಒಂದು ಸರ್ಕ್ಲಿಪ್. ತುದಿಯ ಹಲ್ಲುಗಳ ಕೊನೆಯಲ್ಲಿರುವ ತೋಡಿನಲ್ಲಿ ಕೂರುವ, ಒಂದು ಕಡೆ ಬಾಯಿ ತೆರೆದ ತೆಳು ಉಕ್ಕಿನ ಬಳೆ ಅದು. ಶಾಫ್ಟನ್ನು ಒಳಗೆ ತಳ್ಳಿದಾಗ ಅದು ಕುಗ್ಗಿ ಒಳಗಿನ ಗೇರನ್ನು ದಾಟುತ್ತದೆ, ದಾಟಿದ ಮೇಲೆ ಹಿಗ್ಗಿ ನಿಲ್ಲುತ್ತದೆ. ಹೊರಗೆ ಬರಬೇಕಾದರೆ ಮತ್ತೆ ಕುಗ್ಗಬೇಕು. ಬಳೆ ತೋಡಿನಲ್ಲಿ ಒಂದು ಪಕ್ಕಕ್ಕೆ ಜೋತುಬಿದ್ದಿದ್ದರೆ, ಅಥವಾ ಒಂದೇ ಬದಿಯಿಂದ ಮೀಟಿದ್ದರಿಂದ ಶಾಫ್ಟ್ ಓರೆಯಾಗಿದ್ದರೆ, ಎಳೆದಷ್ಟೂ ಅದು ಇನ್ನೂ ಬಲವಾಗಿ ಕಚ್ಚಿಕೊಳ್ಳುತ್ತದೆ. ಇದೆಲ್ಲ ನನಗೆ ಗೊತ್ತಿರದ ಸಂಗತಿಯಾಗಿರಲಿಲ್ಲ ಎಂಬುದೇ ನಾಚಿಕೆಯ ವಿಷಯ. ತಂದಿಟ್ಟ ಹೊಸ ಶಾಫ್ಟಿನ ತುದಿಯಲ್ಲಿ ಅಂಥದೇ ಬಳೆ ಹೊಳೆಯುತ್ತ ನನ್ನ ತಲೆಯಿಂದ ಎರಡು ಮೊಳ ದೂರದಲ್ಲಿ ಬಿದ್ದಿತ್ತು.

ಹಬ್ಬಿನ ಬದಿಯಲ್ಲಿ ಬಿಡದೆ ಇದ್ದದ್ದು ಕೆಟ್ಟುಹೋಗಿ, ಗೇರ್‌ಬಾಕ್ಸಿನ ಬದಿಯಲ್ಲಿ ಬಿಡದೆ ಇದ್ದದ್ದು ಚೆನ್ನಾಗಿದ್ದು. ಎರಡಕ್ಕೂ ನಾನು "ಸಿಕ್ಕಿಹಾಕಿಕೊಂಡಿದೆ" ಎಂಬ ಒಂದೇ ಮಾತನ್ನು ಬಳಸಿದೆ, ಮಾತು ಒಂದೇ ಆದ ಕೂಡಲೇ ಮದ್ದೂ ಒಂದೇ ಆಯಿತು. ಕಾರು ಓಡುವಾಗ ಶಾಫ್ಟ್ ಜಾರಿ ಬೀಳದಂತೆ ವರ್ಷಗಟ್ಟಲೆ ಹಿಡಿದಿದ್ದ ಬಳೆ ಅಂದೂ ತನ್ನ ಕೆಲಸವನ್ನೇ ಮಾಡುತ್ತಿತ್ತು, ನಾನು ಅದನ್ನು ಹಟವೆಂದು ಬೈಯುತ್ತಿದ್ದೆ. ಹಾಗೆ ನೋಡಿದರೆ, ಬಿಚ್ಚಲು ಬಾರದ ಎಷ್ಟೋ ವಸ್ತುಗಳ ಮೇಲೆ ನಾನು ತುಕ್ಕಿನ ಆರೋಪ ಹೊರಿಸಿದ್ದೇನೆ. ಎರಡು ವರ್ಷದ ಹಿಂದೆ ಡ್ಯಾಶ್‌ಬೋರ್ಡಿನ ತಟ್ಟೆಯೊಂದನ್ನು ಮುರಿದದ್ದು ನೆನಪಾಗುತ್ತಿದೆ, ಅದರ ಹಿಂದೆ ಒಂದು ತಿರುಪು ಉಳಿದಿತ್ತು. ಪ್ಲಾಸ್ಟಿಕ್ಕಿಗೂ ನಾನು ಅಂದು ತುಕ್ಕು ಎಂದೇ ಹೇಳಿದ್ದೆನೋ ಏನೋ.

ಪ್ರಶ್ನೆಯ ಬಗ್ಗೆ ನನಗೆ ಒಳಗೊಳಗೇ ಸಿಟ್ಟೂ ಇತ್ತು. ಉತ್ತರ ಗೊತ್ತಿದ್ದೂ ನೇರವಾಗಿ ಹೇಳದೆ, ಮೇಷ್ಟರಂತೆ ಕೇಳಿ ನನ್ನನ್ನು ಪರೀಕ್ಷಿಸಿದರೆಂದು ಅಂದುಕೊಂಡಿದ್ದೆ. ಬುಧವಾರ ತಡೆಯಲಾರದೆ, "ಸರ್ಕ್ಲಿಪ್ ಇದೆ ಎಂದು ಆಗಲೇ ಹೇಳಬಹುದಿತ್ತಲ್ಲ ಮಾವ?" ಎಂದು ಕೇಳಿಯೇಬಿಟ್ಟೆ. ಜೀವಮಾನವೆಲ್ಲ ಲೆಕ್ಕಪತ್ರ ನೋಡಿ ನಿವೃತ್ತರಾದವರು ಅವರು. "ಅದರ ಹೆಸರನ್ನೇ ನಾನು ಕೇಳಿದ್ದು ಆವತ್ತು, ನಿಮ್ಮ ಬಾಯಿಂದ. ನನಗೆ ಗೊತ್ತಿರಲಿಲ್ಲ, ಅದಕ್ಕೇ ಕೇಳಿದೆ. ನೀವು ಹೇಳಿದ್ದಕ್ಕೂ ಇಟ್ಟ ತಟ್ಟೆಗೂ ತಾಳೆಯಾಗಲಿಲ್ಲ, ಅಷ್ಟೇ" ಎಂದರು. ಅಂದಿನಿಂದ ಆ ಪ್ರಶ್ನೆ ಇನ್ನೂ ಹೆಚ್ಚು ಕಾಡುತ್ತಿದೆ.

ಶಾಫ್ಟ್ ಹೊರಬಂದ ಬಗೆಯನ್ನು ಹೇಳಿಬಿಡುತ್ತೇನೆ. ಶಾಫ್ಟನ್ನು ಎಳೆಯುವುದನ್ನು ಬಿಟ್ಟು, ಬಟ್ಟಲಿನ ಬುಡಕ್ಕೂ ಗೇರ್‌ಬಾಕ್ಸಿಗೂ ನಡುವೆ ಎದುರುಬದುರಾಗಿ ಎರಡು ಮೀಟುಗೋಲುಗಳನ್ನು, ಸೀಲಿಗೆ ತಗುಲದಂತೆ, ಇಟ್ಟುಕೊಂಡೆ. ಒಂದನ್ನು ಮಾವನವರು ಹಿಡಿದರು. "ಒಂದು, ಎರಡು, ಮೂರು" ಎಂದು ಎಣಿಸಿ ಇಬ್ಬರೂ ಒಮ್ಮೆಗೇ ಗಿಡ್ಡನೆಯ ಜರ್ಕ್ ಕೊಟ್ಟೆವು, ಬರಲಿಲ್ಲ. ಬಳೆ ಒಳಗೆ ಕೂತ ಭಂಗಿ ಬದಲಾಗಲೆಂದು ಬಟ್ಟಲನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೊಟ್ಟೆವು, ಆಗಲೂ ಇಲ್ಲ. ಇನ್ನೊಂದು ಕಾಲು ಸುತ್ತಿಗೆ ಟಕ್ಕೆಂದು, ಅಷ್ಟೇನೂ ಬಲವಿಲ್ಲದೆ, ಬೆಣ್ಣೆಯಿಂದ ಕೂದಲು ತೆಗೆದಂತೆ ಬಂದುಬಿಟ್ಟಿತು. ಮೀಟುವ ಗಡಿಬಿಡಿಯಲ್ಲಿ ತಟ್ಟೆಯನ್ನು ಕಾಲಿನಿಂದ ಆಚೆ ಸರಿಸಿದ್ದೆನಾದ್ದರಿಂದ ಗೇರ್ ಆಯಿಲಿನಲ್ಲಿ ಒಂದು ಪಾಲು ನನ್ನ ಎದೆಯ ಮೇಲೆ ಇಳಿಯಿತು.

ಹೊಸದನ್ನು ಕೂರಿಸುವುದಕ್ಕೆ ಕಾಲು ಗಂಟೆಯೂ ಹಿಡಿಯಲಿಲ್ಲ. ಸೀಲಿನ ತುಟಿಯನ್ನು ಹಲ್ಲುಗಳು ಗೀರದಂತೆ ನೇರವಾಗಿ ಒಳಗಿಟ್ಟು, ಒಮ್ಮೆ ಬಲವಾಗಿ ತಳ್ಳಿದಾಗ ಬಳೆ ದಾಟಿದ ಸದ್ದು ಕೈಗೇ ತಿಳಿಯಿತು. ಆಮೇಲೆ ಬಟ್ಟಲನ್ನು ಎರಡೂ ಕೈಗಳಿಂದ ಹಿಡಿದು ಹೊರಕ್ಕೆ ಎಳೆಯತೊಡಗಿದೆ.

"ಈಗ ಮತ್ತೆ ಏಕೆ ಎಳೆಯುತ್ತಿದ್ದೀರಿ?" ಎಂದರು ಮಾವನವರು.

"ಬರುವುದಿಲ್ಲ ತಾನೇ ಎಂದು ನೋಡುತ್ತಿದ್ದೇನೆ, ಮಾವ."

ಬರಲಿಲ್ಲ. ಅವರು ತಟ್ಟೆಯನ್ನೂ ನನ್ನ ಅಂಗಿಯನ್ನೂ ಒಮ್ಮೊಮ್ಮೆ ನೋಡಿ, "ಸೋರಿದಷ್ಟು ಎಣ್ಣೆ ವಾಪಸ್ಸು ತುಂಬಬೇಕಲ್ಲವೇ, ಅಂಗಿಯ ಮೇಲಿನದನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತೀರಿ?" ಎಂದು ಕೇಳಿದರು.